ಬೈಕಿಗೆ ಎಫ್‌ಸಿ ಇಲ್ಲದ ಊರಲ್ಲಿ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಒಂದನ್ನೇ ತಗೊಂಡಿದೀನಿ. ಯಾಕಂದ್ರೆ ಚಳಿಗಾಲದಲ್ಲಿ ಇದೇ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತೆ. ಬರೆದವರು ಮಿಲ್ಪಿಟಸ್‌ನ ಒಂದು ಗೋಡೌನಿನಲ್ಲಿ ಪಾಳಿ ಕೆಲಸ ಮಾಡೋ ಹುಡುಗ, ಚಿತ್ರದುರ್ಗದ ಕಡೆಯವರು. ಕೆಲಸ ಬಿಡೋದು ರಾತ್ರಿ ಎರಡೂವರೆಗೆ. ಆ ಹೊತ್ತಿಗೆ ಬಾರ್ಟ್ ಓಡಲ್ಲ, ದಿನಾ ಊಬರ್‌ಗೆ ಕೊಟ್ಟು ಪೂರೈಸಲ್ಲ, ಕಾರು ಕೊಳ್ಳೋಷ್ಟು ಕೈಯಲ್ಲಿಲ್ಲ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ 2016ರ ಕವಾಸಾಕಿ ನಿಂಜಾ 300 ಮಾರಾಟಕ್ಕೆ ಹಾಕಿದಾರೆ. ಪ್ರಶ್ನೆ ಹೀಗಿದೆ: "ಅಣ್ಣಾ, ನಮ್ಮೂರಲ್ಲಾಗಿದ್ರೆ ಆರ್‌ಸಿ ಬುಕ್ಕು, ಎಮಿಷನ್ ಸರ್ಟಿಫಿಕೇಟು ಕೇಳ್ತಿದ್ದೆ. ಇಲ್ಲಿ ಬೈಕಿನ ಇನ್‌ಸ್ಪೆಕ್ಷನ್ ಹಿಸ್ಟರಿ ಎಲ್ಲಿ ಸಿಗುತ್ತೆ? ಮಾರೋನು ಎಲ್ಲಾ ಪಾಸಾಗಿದೆ ಅಂತಾನೆ."

ಪಾಸಾಗಿದೆ ಅಂದ್ರೆ ಯಾವ ಪರೀಕ್ಷೆಯಲ್ಲಿ ಅಂತ ಕೇಳಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಬೈಕಿಗೆ ಪರೀಕ್ಷೆಯೇ ಇಲ್ಲ. ಸ್ವಲ್ಪ ಹಳೆಯದಾದ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಉಂಟು. ಮೋಟರ್‌ಸೈಕಲ್ಲಿಗೆ ಅದರಿಂದ ವಿನಾಯಿತಿ. ಇನ್ನು ಬ್ರೇಕು, ಲೈಟು, ಟೈರು ನೋಡಿ ಸೀಲು ಒತ್ತುವ ವಾರ್ಷಿಕ ತಪಾಸಣೆ ಈ ರಾಜ್ಯದಲ್ಲಿ ನಮ್ಮ ನಿಮ್ಮ ಕಾರಿಗೂ ಇಲ್ಲ, ಬೈಕಿಗೂ ಇಲ್ಲ. ನಂಬರ್ ಪ್ಲೇಟಿನ ಮೂಲೆಯಲ್ಲಿ ಅಂಟಿಸಿರೋ ಬಣ್ಣದ ಸ್ಟಿಕ್ಕರ್ ನೋಡಿ ಹೊಸಬರು ಮೋಸ ಹೋಗ್ತಾರೆ. ಅದು ರಿಜಿಸ್ಟ್ರೇಷನ್ ಫೀಸು ಕಟ್ಟಿದಾರೆ ಅನ್ನೋದನ್ನ ಮಾತ್ರ ಹೇಳುತ್ತೆ. ಗಾಡಿಯ ಮೈ ಮುಟ್ಟಿ ಯಾರೂ ನೋಡಿರೋದಿಲ್ಲ. ಹತ್ತು ವರ್ಷದ ಬೈಕು ಹತ್ತು ವರ್ಷವೂ ಒಬ್ಬ ಸರ್ಕಾರಿ ಮನುಷ್ಯನ ಕಣ್ಣಿಗೂ ಬೀಳದೆ ಓಡಿರಬಹುದು.

ಎಲ್ಲ ಕಡೆ ಹೀಗಿಲ್ಲ. ಬ್ರಿಟನ್ನಿನಲ್ಲಿ ಬೈಕಿಗೂ ವರ್ಷಾವರ್ಷ ಎಂಓಟಿ ಪರೀಕ್ಷೆ ಆಗಬೇಕು. ಗಾಡಿ ನಂಬರು ಹಾಕಿದ್ರೆ ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಅವತ್ತು ಮೀಟರ್ ಎಷ್ಟಿತ್ತು, ಎಲ್ಲಾ ಪುಕ್ಕಟೆ ನೋಡಬಹುದು. ಜಪಾನಿನಲ್ಲಿ 250 ಸಿಸಿ ಮೀರಿದ ಬೈಕಿಗೆ ಶಾಕೆನ್ ಅನ್ನೋ ತಪಾಸಣೆ ಇದೆ. ಇದೇ ಅಮೆರಿಕದಲ್ಲಿ ನ್ಯೂಯಾರ್ಕ್, ಪೆನ್ಸಿಲ್ವೇನಿಯಾದವರು ಬೈಕನ್ನೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ನಮ್ಮ ಕರ್ನಾಟಕದಲ್ಲೂ 15 ವರ್ಷ ತುಂಬಿದ ಮೇಲೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಿ ಎಫ್‌ಸಿ ಮಾಡಿಸಿಕೊಳ್ಳಬೇಕು. ಅದು ಹೇಗೆ ನಡೆಯುತ್ತೆ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು, ಇರಲಿ. ಕಾಗದದ ಮೇಲಾದ್ರೂ ಒಂದು ಲೆಕ್ಕ ಇರುತ್ತೆ. ಇಲ್ಲಿ ಆ ಲೆಕ್ಕವನ್ನ ಕೊಳ್ಳೋನೇ ಕೂಡಿಸಬೇಕು. ಗಾಡಿ ಯಾರ ಕೈಯಲ್ಲಿತ್ತು, ಕದ್ದದ್ದಾ, ಬಿದ್ದದ್ದಾ ಅನ್ನೋದನ್ನ ಕಾಗದ ಹೇಳುತ್ತೆ. ಹೇಗೆ ಸಾಕಿದಾರೆ ಅನ್ನೋದನ್ನ ಕಬ್ಬಿಣ ಹೇಳುತ್ತೆ. ಎರಡನ್ನೂ ಕೇಳಬೇಕು, ಅದೂ ಕಾಗದವನ್ನ ಮೊದಲು. ಯಾಕಂದ್ರೆ ಗಾಡಿ ಒಂದು ಸಲ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಕಾಗದ ನೋಡೋ ತಾಳ್ಮೆ ಯಾರಿಗೂ ಇರಲ್ಲ.

ಹೋಗೋ ಮುಂಚೆ ಮಾರೋರ ಹತ್ತಿರ ವಿನ್ ನಂಬರಿನ ಫೋಟೋ ತರಿಸಿಕೊಳ್ಳಿ. ನಮ್ಮಲ್ಲಿ ಚಾಸಿ ನಂಬರ್ ಅಂತೀವಲ್ಲ, ಅದೇ. ಬೈಕಿನಲ್ಲಿ ಹ್ಯಾಂಡಲ್ ತಿರುಗೋ ಕತ್ತಿನ ಹತ್ತಿರ ಫ್ರೇಮಿನ ಮೇಲೆ ಕೊರೆದಿರ್ತಾರೆ. 1981ರಿಂದ ಈಚಿನ ಗಾಡಿಗಳಿಗೆ ಒಟ್ಟು 17 ಅಕ್ಷರ ಮತ್ತು ಅಂಕಿ. ಐ, ಓ, ಕ್ಯೂ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಇರೋದೇ ಇಲ್ಲ. ಹತ್ತನೆಯದು ಮಾಡೆಲ್ ವರ್ಷ. ನಮ್ಮ ಹುಡುಗ ನೋಡಿರೋದು 2016ರ ಗಾಡಿ ಆದ್ರೆ ಅಲ್ಲಿ ಜಿ ಇರಬೇಕು. ಎಫ್ ಇದ್ರೆ ಅದು 2015ರದ್ದು. ಒಂದು ವರ್ಷದ ಸುಳ್ಳಿನಿಂದ ದುಡ್ಡು ಹೆಚ್ಚೇನೂ ಹೋಗಲ್ಲ, ಆದ್ರೆ ಎದುರಿಗಿರೋ ಮನುಷ್ಯ ಎಂಥವನು ಅಂತ ಅಲ್ಲೇ ಗೊತ್ತಾಗುತ್ತೆ.

ಆ ನಂಬರಿಟ್ಟುಕೊಂಡು ಮನೆಯಲ್ಲೇ ಮೂರು ಕೆಲಸ ಮಾಡಬಹುದು. ಎನ್‌ಐಸಿಬಿ ಅಂತ ಇನ್ಶೂರೆನ್ಸ್ ಕಂಪನಿಗಳದ್ದೊಂದು ಸಂಸ್ಥೆ ಇದೆ, ಅವರ ವಿನ್‌ಚೆಕ್‌ನಲ್ಲಿ ಗಾಡಿ ಕಳುವಾದದ್ದಾ, ಸಾಲ್ವೇಜ್ ಆದದ್ದಾ ಅಂತ ಬಿಟ್ಟಿಯಾಗಿ ನೋಡಬಹುದು. ಅವರ ಜೊತೆ ಸೇರಿರೋ ಕಂಪನಿಗಳ ಮಾಹಿತಿ ಮಾತ್ರ ಅಲ್ಲಿರೋದು. ಹಾಗಾಗಿ ಅಲ್ಲಿ ಹೆಸರು ಬಂದ್ರೆ ಗಾಡಿ ಬೇಡ. ಬರಲಿಲ್ಲ ಅಂದ್ರೆ ಚೊಕ್ಕ ಅಂತ ಅರ್ಥ ಅಲ್ಲ. ಎರಡನೆಯದು ಎನ್‌ಎಚ್‌ಟಿಎಸ್‌ಎ, ರಸ್ತೆ ಸುರಕ್ಷತೆಯ ಕೇಂದ್ರ ಇಲಾಖೆ. ಕಂಪನಿಯವರೇ ದೋಷ ಒಪ್ಪಿಕೊಂಡು ವಾಪಸ್ ಕರೆದ ರಿಕಾಲ್ ಬಾಕಿ ಇದೆಯಾ ಅಂತ ಅಲ್ಲಿ ತಿಳಿಯುತ್ತೆ. ಬಾಕಿ ಇದ್ರೆ ಹೆದರಬೇಡಿ, ಡೀಲರ್ ಹತ್ತಿರ ಪುಕ್ಕಟೆ ಸರಿಮಾಡಿಕೊಡ್ತಾರೆ, ನೀವು ಎಷ್ಟನೇ ಓನರ್ ಅಂತ ಕೇಳಲ್ಲ. ಮೂರನೆಯದಕ್ಕೆ ಸ್ವಲ್ಪ ದುಡ್ಡು. ಎನ್‌ಎಂವಿಟಿಐಎಸ್ ಅಂತ ಕೇಂದ್ರ ಸರ್ಕಾರದ ದಾಖಲೆ ಇದೆ, ಅದನ್ನು ಮಾರೋಕೆ ಒಪ್ಪಿಗೆ ಪಡೆದವರಿಂದ ರಿಪೋರ್ಟ್ ತಗೋಬೇಕು. ಯಾವ ಯಾವ ರಾಜ್ಯದಲ್ಲಿ ಟೈಟಲ್ ಆಗಿತ್ತು, ಎಲ್ಲಾದ್ರೂ ಸಾಲ್ವೇಜ್ ಅಂತ ಮುದ್ರೆ ಬಿದ್ದಿತ್ತಾ, ಆಗ ಮೀಟರ್ ಎಷ್ಟಿತ್ತು ಅನ್ನೋದು ಅದರಲ್ಲಿರುತ್ತೆ. ಎಲ್ಲರ ಬಾಯಲ್ಲಿರೋ ಕಾರ್‌ಫ್ಯಾಕ್ಸ್ ಕಾರು, ಸಣ್ಣ ಟ್ರಕ್ಕುಗಳಿಗೆ. ಬೈಕಿಗೆ ಅದು ಬರಲ್ಲ.

ಸಾಲ್ವೇಜ್ ಅಂದ್ರೆ ರಿಪೇರಿ ಲಾಭ ಇಲ್ಲ ಅಂತ ಇನ್ಶೂರೆನ್ಸಿನವರು ಕೈಬಿಟ್ಟ ಗಾಡಿ. ಬೈಕುಗಳು ಬಲು ಬೇಗ ಆ ಗತಿಗೆ ಬರ್ತವೆ. ಪಕ್ಕಕ್ಕೆ ಒರಗಿ ಬಿದ್ದು ಪ್ಲಾಸ್ಟಿಕ್ ಫೇರಿಂಗ್, ಟ್ಯಾಂಕು ಕೆಟ್ಟರೂ ಸಾಕು, ಬಿಲ್ಲು ಗಾಡಿಯ ಬೆಲೆಯನ್ನೇ ಮೀರುತ್ತೆ. ಹಾಗಾಗಿ ಸಾಲ್ವೇಜ್ ಆದದ್ದೆಲ್ಲ ಫ್ರೇಮು ಬಾಗಿದ್ದು ಅಂತ ಅಲ್ಲ. ಗೊತ್ತಿರೋ ಮೆಕ್ಯಾನಿಕ್ ಮನೆಯಲ್ಲೇ ಇದ್ರೆ ಅದರಲ್ಲಿ ಲಾಭವೂ ಉಂಟು. ಆದ್ರೆ ಮೊದಲ ಗಾಡಿ ಕೊಳ್ಳೋರಿಗೆ, ಅದರಲ್ಲೂ ರಾತ್ರಿ ಎರಡೂವರೆಗೆ 880 ಫ್ರೀವೇ ಮೇಲೆ ಒಬ್ಬರೇ ಬರೋರಿಗೆ, ಬೇಡ ಅಂತಲೇ ನಾನು ಹೇಳೋದು. ಅರವತ್ತೈದು ಮೈಲಿ ಸ್ಪೀಡಿನಲ್ಲಿ ಹ್ಯಾಂಡಲ್ ಅಲುಗಾಡೋಕೆ ಶುರುವಾದ್ರೆ ಉಳಿಸಿದ ಐನೂರು ಡಾಲರ್ ನೆನಪಿಗೆ ಬರಲ್ಲ.

ಈಗ ಟೈಟಲ್. ಇಲ್ಲಿಯವರು ಪಿಂಕ್ ಸ್ಲಿಪ್ ಅಂತಾರೆ. ನಮ್ಮವರ ನಡುವಿನ ವ್ಯವಹಾರ ಕೆಡೋದು ಹೆಚ್ಚಾಗಿ ಈ ಒಂದು ಹಾಳೆಯಲ್ಲೇ, ಅದಕ್ಕೆ ನಿಧಾನವಾಗಿ ಹೇಳ್ತೀನಿ. ಟೈಟಲ್‌ನಲ್ಲಿರೋ ಹೆಸರು, ಮಾರೋರ ಐಡಿಯಲ್ಲಿರೋ ಹೆಸರು ಒಂದೇ ಇರಬೇಕು. ಇಬ್ಬರ ಹೆಸರಿದ್ದು ನಡುವೆ "ಆಂಡ್" ಅಂತಲೋ ಒಂದು ಓರೆಗೆರೆಯೋ ಇದ್ರೆ ಇಬ್ಬರದ್ದೂ ಸಹಿ ಬೇಕು. "ಆರ್" ಅಂತಿದ್ರೆ ಒಬ್ಬರದ್ದು ಸಾಕು. ಗಂಡ ಇಲ್ಲಿ, ಹೆಂಡತಿ ಹೆರಿಗೆಗೆ ಅಂತ ಊರಿಗೆ ಹೋಗಿದ್ರೆ ಆ ಒಂದು ಓರೆಗೆರೆ ತಿಂಗಳುಗಟ್ಟಲೆ ಕಾಯಿಸುತ್ತೆ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ. ನಮ್ಮ ಆರ್‌ಸಿಯಲ್ಲಿ ಎಚ್‌ಪಿ ಅಂತ ಇರ್ತಿತ್ತಲ್ಲ, ಅದೇ ಕಥೆ. ಬ್ಯಾಂಕು ಸಹಿ ಹಾಕಿ ಬಿಡುಗಡೆ ಮಾಡೋ ತನಕ ಗಾಡಿ ಪೂರ್ತಿ ಮಾರೋರದ್ದಲ್ಲ. ಮೋಟರ್‌ಸೈಕಲ್ ಟೈಟಲ್‌ನಲ್ಲಿ ಎಂಜಿನ್ ನಂಬರಿಗೂ ಜಾಗ ಇರುತ್ತೆ. ಫ್ರೇಮಿನ ನಂಬರ್ ಸರಿ ಇದ್ದು ಎಂಜಿನ್ ನಂಬರ್ ಬೇರೆ ಇದ್ರೆ ಆ ಎಂಜಿನ್ ಎಲ್ಲಿಂದ ಬಂತು ಅಂತ ರಸೀದಿ ಕೇಳಿ. ರಸೀದಿ ಇಲ್ಲ ಅಂದ್ರೆ ಹೊರಟು ಬನ್ನಿ. ಕೀಲಿ ಒಂದೇ ಇದ್ದು ಕೀಲಿ ತೂತಿನ ಸುತ್ತ ಸ್ಕ್ರೂಡ್ರೈವರ್ ಹಾಕಿ ಕೆದಕಿದ ಗುರುತಿದ್ರೂ ಅಷ್ಟೇ. ಕದ್ದ ಗಾಡಿ ಅಂತ ಗೊತ್ತಾದ ದಿನ ಪೊಲೀಸರು ಎತ್ತಿಕೊಂಡು ಹೋಗ್ತಾರೆ, ನೀವು ಕೊಟ್ಟ ದುಡ್ಡಿಗೆ ಯಾರೂ ಜವಾಬ್ದಾರರಲ್ಲ. ವೀಸಾ ಮೇಲಿರೋರು ಠಾಣೆಗೆ ಹೋಗಿ ವಿವರಣೆ ಕೊಡೋ ಸಂಕಟ ಬೇರೆ.

"ಗಾಡಿ ನಮ್ಮ ಫ್ರೆಂಡ್‌ದು, ಅವನು ಇಂಡಿಯಾಗೆ ಹೋಗಿಬಿಟ್ಟ, ಟೈಟಲ್ ಅವನ ಹೆಸರಲ್ಲೇ ಇದೆ, ಪರವಾಗಿಲ್ಲ" ಅನ್ನೋ ಮಾತು ಬಂತಾ? ಪರವಾಗಿದೆ. ಫ್ರೆಂಡು ಟೈಟಲ್ ಮೇಲೆ ಸಹಿ ಹಾಕಿ ಹೋಗಿದಾನಾ ನೋಡಿ. ಇಲ್ಲಾಂದ್ರೆ ಆ ಗಾಡಿಯನ್ನ ನಿಮ್ಮ ಹೆಸರಿಗೆ ಮಾಡೋ ಹೊತ್ತಿಗೆ ಸಾಕುಸಾಕಾಗುತ್ತೆ. ನಮ್ಮ ಊರಿನವನು, ನಮ್ಮ ಭಾಷೆಯವನು ಅಂತ ಇದನ್ನ ಕೇಳೋಕೆ ಸಂಕೋಚ ಪಡೋರು ಬಹಳ ಜನ. ಮಾರೋನು ಒಳ್ಳೆಯವನೇ ಇರಬಹುದು. ಡಿಎಂವಿ ಕಿಟಕಿಯಲ್ಲಿ ಕೂತಿರೋರಿಗೆ ಅದು ಬೇಡ, ಸಹಿ ಬೇಕು.

ಬೇರೆ ರಾಜ್ಯದಿಂದ ಬಂದ ಬೈಕು ಅಗ್ಗಕ್ಕೆ ಸಿಗುತ್ತೆ ಅಂದ್ರೆ ಒಂದು ವಿಷಯ ನೋಡಲೇಬೇಕು. ಮೀಟರಿನಲ್ಲಿ 7,500 ಮೈಲಿಗಿಂತ ಕಡಿಮೆ ಇದ್ರೆ ಈ ರಾಜ್ಯದ ಕಾನೂನಿಗೆ ಅದು ಹೊಸ ಗಾಡಿ. ಕ್ಯಾಲಿಫೋರ್ನಿಯಾದ ನಿಯಮಕ್ಕೆ ಹೊಂದುತ್ತೆ ಅಂತ ಬರೆದಿರೋ ಹೊಗೆಯ ಲೇಬಲ್ ಫ್ರೇಮಿನ ಮೇಲಿಲ್ಲ ಅಂದ್ರೆ ಸಾಮಾನ್ಯವಾಗಿ ರಿಜಿಸ್ಟರ್ ಆಗಲ್ಲ. ಬರೀ ನಾಲ್ಕು ಸಾವಿರ ಮೈಲಿ ಓಡಿದೆ ಅಂತ ಖುಷಿಪಡೋ ಗಾಡಿಯೇ ಮನೆ ಮುಂದೆ ನಿಂತುಬಿಡುತ್ತೆ. ಲೇಬಲ್ ಇದ್ರೂ ಡಿಎಂವಿಯವರಿಗೋ ಹೈವೇ ಪೆಟ್ರೋಲ್‌ನವರಿಗೋ ವಿನ್ ತೋರಿಸಿ ಪರಿಶೀಲನೆ ಮಾಡಿಸಬೇಕು. ಒಂದು ಒಳ್ಳೆಯದೂ ಇದೆ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆಯ ಗಾಡಿ ಆದ್ರೆ ಅಲ್ಲಿನ ವಾರ್ಷಿಕ ತಪಾಸಣೆಯ ರಸೀದಿಗಳು ಮಾರೋರ ಹತ್ತಿರ ಇರಬಹುದು, ಕೇಳಿ ನೋಡಿ. ಆ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ಹಾಗಾಗಿ ಗಾಡಿಯ ಹೊಟ್ಟೆ ಕೆಳಗೆ ತುಕ್ಕು ನೋಡೋದನ್ನ ಮರೀಬೇಡಿ.

ಕಾಗದ ಸರಿಹೋಯ್ತು ಅಂತಿಟ್ಕೊಳ್ಳಿ. ಗಾಡಿ ನೋಡೋಕೆ ಹಗಲು ಹೊತ್ತಲ್ಲಿ ಹೋಗಿ, ಮತ್ತೆ ಮೊದಲೇ ಫೋನಲ್ಲಿ ಹೇಳಿ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ". ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದಾರೆ. ತಣ್ಣಗಿರೋ ಎಂಜಿನ್ ಸುಳ್ಳು ಹೇಳಲ್ಲ: ಸ್ಟಾರ್ಟ್ ಆಗೋಕೆ ಎಷ್ಟು ಸತಾಯಿಸುತ್ತೆ, ನೀಲಿ ಹೊಗೆ ಬಿಡುತ್ತಾ, ಟಪ್ಪೆಟ್ ಶಬ್ದ ಕಾದ ಮೇಲೂ ಉಳಿಯುತ್ತಾ, ಆ ಮೊದಲ ಎರಡು ನಿಮಿಷದಲ್ಲಿ ಎಲ್ಲಾ ಗೊತ್ತಾಗುತ್ತೆ. ಕಾರ್ಬ್ಯುರೇಟರ್ ಇರೋ ಹಳೇ ಗಾಡಿ ಬಹಳ ದಿನ ನಿಂತಿದ್ರೆ ಇನ್ನೂ ಹುಷಾರು. ಇಲ್ಲಿನ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತೆ, ಆರು ತಿಂಗಳು ನಿಂತರೆ ಒಳಗೆ ಅಂಟಾಗಿ ಜೆಟ್ಟು ಕಟ್ಟಿಕೊಳ್ಳುತ್ತೆ.

ಬಿದ್ದ ಗುರುತು ಹುಡುಕೋಕೆ ಬಣ್ಣ ನೋಡಬೇಡಿ, ತುದಿಗಳನ್ನ ನೋಡಿ. ಹ್ಯಾಂಡಲ್ ತುದಿ, ಬ್ರೇಕ್ ಲಿವರ್, ಕ್ಲಚ್ ಲಿವರ್, ಕಾಲಿಡೋ ಪೆಗ್, ಸೈಲೆನ್ಸರ್ ಕೊನೆ. ಒಂದೇ ಪಕ್ಕದಲ್ಲಿ ಇವೆಲ್ಲ ಉಜ್ಜಿದ್ರೆ ಗಾಡಿ ಓಡ್ತಾ ಓಡ್ತಾ ಬಿದ್ದಿದೆ. ಒಂದು ಲಿವರ್ ಮಾತ್ರ ಬಾಗಿದ್ರೆ ಸ್ಟ್ಯಾಂಡು ಜಾರಿ ನಿಂತಲ್ಲೇ ಬಿದ್ದಿರಬಹುದು, ಅದು ದೊಡ್ಡ ವಿಷಯ ಅಲ್ಲ. ಹ್ಯಾಂಡಲನ್ನ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಫ್ರೇಮಿಗೆ ತಾಗಿ ನಿಲ್ಲೋ ಜಾಗದಲ್ಲಿ ಚಕ್ಕೆ ಎದ್ದಿದ್ರೆ ಏಟು ಜೋರಾಗಿ ಬಿದ್ದಿದೆ ಅಂತ. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವೆ ಕಟಕ್ ಅಂತ ಸಿಕ್ಕಿಹಾಕಿಕೊಂಡ ಹಾಗಾದ್ರೆ ನಮ್ಮ ಮೇಸ್ತ್ರಿಗಳು ಹೇಳೋ ಹಾಗೆ ಕೋನ್‌ಸೆಟ್ ಹೋಗಿದೆ. ಫೋರ್ಕಿನ ಹೊಳೆಯೋ ಕೊಳವೆ ಮೇಲೆ ಎಣ್ಣೆಯ ಉಂಗುರ ಕಂಡ್ರೆ ಆಯಿಲ್ ಸೀಲ್ ಹೋಗಿದೆ. ಆ ಎಣ್ಣೆ ಕೆಳಗಿಳಿದು ಬ್ರೇಕ್ ಪ್ಯಾಡಿಗೆ ಸೇರಿದ್ರೆ ಬ್ರೇಕೇ ಹಿಡಿಯಲ್ಲ. ಹಿಂದಿನ ಸ್ಪ್ರಾಕೆಟ್‌ನಿಂದ ಚೈನು ಹಿಡಿದು ಎಳೆದು ನೋಡಿ, ಹಲ್ಲು ಕಾಣೋಷ್ಟು ಎದ್ದು ಬಂದ್ರೆ ಚೈನ್‌ಸೆಟ್ ಮುಗಿದಿದೆ. ಟೈರಿನ ಪಕ್ಕದಲ್ಲಿ ಡಾಟ್ ಅನ್ನೋ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 3517 ಅಂದ್ರೆ 2017ರ 35ನೇ ವಾರ ತಯಾರಾದದ್ದು. ಗುಂಡಿ ಎಷ್ಟೇ ಚೆನ್ನಾಗಿದ್ರೂ ಅಷ್ಟು ಹಳೇ ರಬ್ಬರು ಕಲ್ಲಾಗಿರುತ್ತೆ. ಹೊಸ ಟೈರಿನ ದುಡ್ಡನ್ನ ಬೆಲೆಯಲ್ಲಿ ಕಳೀರಿ. ಮೀಟರ್ 5,000 ತೋರಿಸ್ತಾ ಪೆಗ್ಗಿನ ರಬ್ಬರು ಪೂರ್ತಿ ಸವೆದಿದ್ರೆ ಎರಡರಲ್ಲಿ ಒಂದು ಸುಳ್ಳು.

ಇಷ್ಟೆಲ್ಲ ನೋಡಿದ ಮೇಲೂ, ಮೆಚ್ಚಿಗೆಯಾದ ಗಾಡಿಯನ್ನ ಒಬ್ಬ ಸ್ವತಂತ್ರ ಮೆಕ್ಯಾನಿಕ್‌ಗೆ ತೋರಿಸಿ. ಒಂದು ಗಂಟೆ ಕೆಲಸದ ಕೂಲಿ ಆಗಬಹುದು, ಕೊಡಿ. ಇದಕ್ಕೆ ಮಾರೋರು ಒಪ್ಪಲಿಲ್ಲ ಅಂದ್ರೆ ನಿಮಗೆ ಉತ್ತರ ಬಿಟ್ಟಿಯಾಗಿ ಸಿಕ್ಕಿತು. ಸರ್ವಿಸ್ ರಸೀದಿ ಕೇಳೋವಾಗ "ಆಯಿಲ್ ಚೇಂಜ್ ಮಾಡಿಸಿದೀನಿ" ಅನ್ನೋದಕ್ಕಿಂತ ವಾಲ್ವ್ ಕ್ಲಿಯರೆನ್ಸ್ ಯಾವಾಗ ನೋಡಿಸಿದ್ರಿ ಅಂತ ಕೇಳಿ. ಅದೇ ದುಬಾರಿ ಕೆಲಸ. ಎಷ್ಟು ಮೈಲಿಗೆ ಮಾಡಿಸಬೇಕು ಅನ್ನೋದು ಓನರ್ಸ್ ಮ್ಯಾನುಯಲ್‌ನಲ್ಲಿರುತ್ತೆ. ಯಮಹಾ ಎಂಟಿ-07ಗೆ ಅದು 26,600 ಮೈಲಿ. 25,000 ಓಡಿದ ಗಾಡಿ ದಿಢೀರನೆ ಮಾರಾಟಕ್ಕೆ ಬಂದ್ರೆ ಯಾಕೆ ಅಂತ ಯೋಚನೆ ಮಾಡಿ.

ಯಾವ ಕಂಪನಿದು ತಗೊಳ್ಳಲಿ ಅಂತಲೂ ಕೇಳ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದ್ರೂ ಯೆಜ್ಡಿಗಳು ಇವತ್ತೂ ಓಡ್ತಿವೆ. ಗಾಡಿ ಗಟ್ಟಿ ಅನ್ನೋದು ಒಂದು ಕಾರಣ. ಬಿಚ್ಚಿ ಜೋಡಿಸೋ ಮೇಸ್ತ್ರಿಗಳು, ಜೆ.ಸಿ. ರೋಡಿನಂಥ ಕಡೆ ಸಿಗೋ ಸ್ಪೇರ್ ಪಾರ್ಟು ಇನ್ನೊಂದು ಕಾರಣ. ನಂಬಿಕೆಯ ಗಾಡಿ ಅಂದ್ರೆ ಮನೆ ಹತ್ತಿರ ರಿಪೇರಿ ಆಗೋ ಗಾಡಿ. ಹೋಂಡಾ, ಯಮಹಾ, ಸುಜುಕಿ, ಕವಾಸಾಕಿಗೆ ಇಲ್ಲಿ ಆ ತೊಂದರೆ ಇಲ್ಲ. ರಾಯಲ್ ಎನ್‌ಫೀಲ್ಡ್ ಕಂಡ ಕೂಡಲೇ ನಮ್ಮ ಹುಡುಗರಿಗೆ ಚಿಕ್ಕಮಗಳೂರಿನ ಘಾಟಿ ನೆನಪಾಗಿ ಎದೆ ಕರಗುತ್ತೆ, ನನಗೂ ಅರ್ಥವಾಗುತ್ತೆ. ಅವರ ಇಂಟರ್‌ಸೆಪ್ಟರನ್ನ ಇಲ್ಲಿ ಐಎನ್‌ಟಿ 650 ಅಂತ ಮಾರ್ತಾರೆ, ಆ ಹೆಸರು ಈ ದೇಶದಲ್ಲಿ ಹೋಂಡಾದ್ದು. ಒಳ್ಳೇ ಗಾಡಿಯೇ. ನಿಮ್ಮ ಮನೆಗೆ ಹತ್ತಿರದ ಡೀಲರ್ ಎಷ್ಟು ದೂರ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಮಿಲ್ಪಿಟಸ್‌ನ ಹುಡುಗ ಕೇಳದೇ ಇರೋ ಒಂದು ಮಾತನ್ನೂ ಹೇಳಬೇಕು. ಲೈಸೆನ್ಸ್ ಇದೆಯಾ? ಊರಲ್ಲಿ ಹತ್ತು ವರ್ಷ ಬೈಕು ಓಡಿಸಿರಬಹುದು, ಇಲ್ಲಿ ನೆಲೆಸಿದವರಿಗೆ ಎಂ1 ಬೇಕೇ ಬೇಕು, ಕಾರಿನ ಸಿ ಕ್ಲಾಸ್ ಸಾಲದು. ಬರೆಯೋ ಪರೀಕ್ಷೆ ಪಾಸಾದ್ರೆ ಕೊಡೋ ಪರ್ಮಿಟ್ ಮೇಲೆ ಕತ್ತಲಾದ ಮೇಲೆ ಓಡಿಸೋ ಹಾಗಿಲ್ಲ, ಫ್ರೀವೇ ಹತ್ತೋ ಹಾಗಿಲ್ಲ, ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ. ರಾತ್ರಿ ಎರಡೂವರೆಗೆ ಮನೆಗೆ ಬರೋಕೆ ಅಂತ ಬೈಕು ಕೊಳ್ಳೋರಿಗೆ ಆ ಪರ್ಮಿಟ್‌ನಿಂದ ಏನು ಉಪಯೋಗ? ಹೈವೇ ಪೆಟ್ರೋಲ್ ಇಲಾಖೆಯ ಮೋಟರ್‌ಸೈಕಲ್ ಸುರಕ್ಷತಾ ಕೋರ್ಸ್ ಮಾಡಿ, ಸರ್ಟಿಫಿಕೇಟ್ ತೋರಿಸಿದ್ರೆ ಡಿಎಂವಿಯಲ್ಲಿ ಓಡಿಸಿ ತೋರಿಸೋ ಪರೀಕ್ಷೆ ಇಲ್ಲ. 21 ವರ್ಷಕ್ಕಿಂತ ಚಿಕ್ಕವರಿಗೆ ಕೋರ್ಸ್ ಕಡ್ಡಾಯ. ಲೈಸೆನ್ಸ್ ಮೊದಲು, ಗಾಡಿ ಆಮೇಲೆ. ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು, 1992ರಿಂದ ಇಲ್ಲಿ ಅದೇ ಕಾನೂನು. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ.

ದುಡ್ಡಿನ ಲೆಕ್ಕ ಮಾಡೋವಾಗ ಮಾರೋರು ಹೇಳಿದ ಬೆಲೆಗೇ ನಿಲ್ಲಬೇಡಿ. ಹೆಸರು ವರ್ಗಾವಣೆ ದಿನ ಡಿಎಂವಿಯವರು ನಿಮ್ಮ ಊರಿನ ದರದಲ್ಲಿ ಯೂಸ್ ಟ್ಯಾಕ್ಸ್ ವಸೂಲಿ ಮಾಡ್ತಾರೆ. ಅಲಮೇಡಾ, ಸ್ಯಾಂಟಾ ಕ್ಲಾರಾ ಕೌಂಟಿಗಳಲ್ಲಿ ಅದು ಶೇ. 9ಕ್ಕಿಂತ ಮೇಲೆ. ಹಿಂದಿನವರು ರಿಜಿಸ್ಟ್ರೇಷನ್ ಕಟ್ಟದೆ ಬಿಟ್ಟಿದ್ರೆ ಆ ಬಾಕಿಯೂ ದಂಡವೂ ಗಾಡಿಯ ಜೊತೆಗೇ ಬರುತ್ತೆ, ಅದನ್ನ ಡಿಎಂವಿಯಲ್ಲಿ ವಿಚಾರಿಸಿ ಬೆಲೆ ಮಾತಾಡಿ. ಬೆಲೆ ಕಡಿಮೆ ಬರೆಯೋಣ, ಗಿಫ್ಟ್ ಅಂತ ಹಾಕೋಣ ಅನ್ನೋ ಸಲಹೆ ಬಂದೇ ಬರುತ್ತೆ. ಅದು ಸುಳ್ಳು ಹೇಳಿಕೆ, ಸಹಿ ನಿಮ್ಮದು. ದುಡ್ಡನ್ನ ಬ್ಯಾಂಕಿನ ಒಳಗೇ ಕೊಡಿ, ಟೈಟಲ್ ಅಲ್ಲೇ ಕೈಗೆ ತಗೊಳ್ಳಿ. ಹತ್ತು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇನ್ಶೂರೆನ್ಸ್ ಇಲ್ಲದೆ ಮನೆ ತನಕವೂ ಓಡಿಸಬೇಡಿ. 2025ರ ಜನವರಿಯಿಂದ ಕನಿಷ್ಠ ಮೊತ್ತ ಏರಿದೆ: ಒಬ್ಬರಿಗೆ ಏಟಾದ್ರೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ನಷ್ಟಕ್ಕೆ 15,000.

ಇನ್ನು ಮಾರೋರಿಗೆ, ಅಂದ್ರೆ ಊರಿಗೆ ಹೊರಟವರಿಗೆ. ಕೆಲಸ ಹೋದ ಎಚ್-1ಬಿಯವರಿಗೆ ಹೆಚ್ಚೆಂದರೆ 60 ದಿನ, ಆ ಗಡಿಬಿಡಿಯಲ್ಲಿ ಗಾಡಿ ಕೊನೆಗೆ ಉಳಿದುಬಿಡುತ್ತೆ. ಟೈಟಲ್ ಕಳೆದಿದ್ರೆ ಮೊದಲ ವಾರವೇ ರೆಜ್ 227 ಫಾರಂ ಹಾಕಿ ನಕಲು ತರಿಸಿಕೊಳ್ಳಿ. ಗಾಡಿ ಮಾರೋ ಮೊದಲೇ ಹೊರಡಬೇಕಾಗಿ ಬಂದ್ರೆ, ನಂಬಿಕೆಯವರಿಗೆ ಅಧಿಕಾರ ಕೊಡೋ ಕಾಗದ ಡಿಎಂವಿಯಲ್ಲೇ ಸಿಗುತ್ತೆ. ಮೀಟರ್ ರೀಡಿಂಗ್ ಬರೆಯೋ ರೆಜ್ 262 ವಿಶೇಷ ಕಾಗದದ ಮೇಲೆ ಅಚ್ಚಾಗಿರುತ್ತೆ, ಬೆಂಗಳೂರಿನಿಂದ ಪ್ರಿಂಟ್ ತೆಗೆದು ಕಳಿಸೋಕಾಗಲ್ಲ, ಹೋಗೋ ಮೊದಲೇ ತಗೊಂಡಿಡಿ. ಮಾರಿದ ಐದು ದಿನದೊಳಗೆ ರೆಜ್ 138, ಅಂದ್ರೆ ಗಾಡಿ ನನ್ನದಲ್ಲ ಅನ್ನೋ ಸೂಚನೆ, ಆನ್‌ಲೈನ್‌ನಲ್ಲೇ ತುಂಬಿ. ಐದು ನಿಮಿಷದ ಕೆಲಸ. ಕೊಂಡವನು ಹೆಸರು ಬದಲಾಯಿಸದೆ ಸೇತುವೆ ದಾಟ್ತಾ ಇದ್ರೆ ಟೋಲ್ ನೋಟೀಸು ನಿಮ್ಮ ಹಳೇ ಮನೆ ವಿಳಾಸಕ್ಕೆ ಬರ್ತಾ ಇರುತ್ತೆ.

ಮುಂದಿನ ತಿಂಗಳು ಕಾರಿನ ಸ್ಮಾಗ್ ಸರ್ಟಿಫಿಕೇಟ್ ವಿಚಾರ: ಅದನ್ನ ಯಾರು ಮಾಡಿಸಬೇಕು, 90 ದಿನದ ಲೆಕ್ಕ ಏನು, ಪ್ಲೇಟ್ ನಂಬರ್ ಹಾಕಿ ಹಳೇ ಫಲಿತಾಂಶ ನೋಡೋದು ಹೇಗೆ. ಪ್ರಶ್ನೆ ಇದ್ರೆ 20ನೇ ತಾರೀಖಿನೊಳಗೆ ಕಳಿಸಿ, ಊರಿನ ಹೆಸರು ಬರೆಯೋದು ಮರೀಬೇಡಿ.